ಕ್ಲಿಕ್ಕನ್ನು ಬೆರಳಿನಿಂದ ಪಾದಕ್ಕೆ ಇಳಿಸಿದ್ದು

ಮೌಸ್ ಒಂದೇ ಕೈಗೆ ಎರಡು ಕೆಲಸ ಹಚ್ಚುತ್ತದೆ. ಪರದೆಯ ಮೇಲೆ ಜಾಗ ತೋರಿಸುವುದು ಒಂದು, ತೋರಿಸಿದ ಜಾಗದಲ್ಲಿ ಗುಂಡಿ ಒತ್ತುವುದು ಇನ್ನೊಂದು. ಕೈ ಗಟ್ಟಿಯಾಗಿರುವವರಿಗೆ ಇವೆರಡೂ ಬೇರೆ ಬೇರೆ ಎಂಬುದು ಗಮನಕ್ಕೇ ಬರುವುದಿಲ್ಲ. ನನ್ನ ಚಿಕ್ಕಮ್ಮನ ಬೆರಳುಗಳಿಗೆ ಸಂಧಿವಾತ ಅಂಟಿಕೊಂಡ ಮೇಲೆ ನನಗೆ ಅದು ಸ್ಪಷ್ಟವಾಗಿ ಕಂಡಿತು. ಅವರು ಮೊಣಕೈಯಿಂದ ಇಡೀ ಮುಂಗೈಯನ್ನು ಆರಾಮವಾಗಿ ಜರುಗಿಸಬಲ್ಲರು. ಮೌಸ್ ಮೇಲೆ ಅಂಗೈ ಇಟ್ಟು ಬಾಣವನ್ನು ಬೇಕಾದ ಅಕ್ಷರದ ಪಕ್ಕಕ್ಕೆ ತಂದು ನಿಲ್ಲಿಸಬಲ್ಲರು. ಆದರೆ ತೋರುಬೆರಳನ್ನು ಒತ್ತಿದ ಕೂಡಲೇ ಗಿಣ್ಣಿನಲ್ಲಿ ನೋವು ಚುಚ್ಚುತ್ತಿತ್ತು. ನೋವಿಗೆ ಕೈ ಅದುರುತ್ತಿತ್ತು, ಅದುರಿದ ಕೈ ಬಾಣವನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಕ್ಲಿಕ್ ಬೀಳುವ ಹೊತ್ತಿಗೆ ಬಾಣ ಬೇರೆಲ್ಲೋ ಇರುತ್ತಿತ್ತು.

ಚಿಕ್ಕಮ್ಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೇರೆಯವರ ಬರಹ ತಿದ್ದಿಕೊಡುವುದು ಅವರಿಗೆ ಪ್ರೀತಿಯ ಕೆಲಸ. ಕೀಲಿಮಣೆ ಕುಟ್ಟುವುದು ಕಷ್ಟವಾದಾಗ, ಹೇಳಿದ್ದನ್ನು ಅಕ್ಷರವಾಗಿಸುವ ತಂತ್ರಾಂಶಕ್ಕೆ ಹೊಂದಿಕೊಂಡರು. ಆದರೆ ಯಂತ್ರ ಬರೆದುಕೊಂಡದ್ದನ್ನು ತಿದ್ದಬೇಕಲ್ಲ? ಒತ್ತಕ್ಷರ ತಪ್ಪಿದ ಕಡೆ ಕರ್ಸರ್ ಇಡಬೇಕು, ಒಂದು ಪದವನ್ನು ಆರಿಸಿಕೊಳ್ಳಬೇಕು, ಅದನ್ನು ಅಳಿಸಿ ಮತ್ತೆ ಹೇಳಬೇಕು. ತಿದ್ದುವ ಕೆಲಸವೆಂದರೆ ಕ್ಲಿಕ್ಕಿನ ಮೇಲೆ ಕ್ಲಿಕ್. ಒಂದು ಪುಟ ಮುಗಿಯುವಷ್ಟರಲ್ಲಿ ಅವರು ಎಡಗೈಯಿಂದ ಬಲಗೈಯನ್ನು ನೀವಿಕೊಳ್ಳುತ್ತ ಕುಳಿತುಬಿಡುತ್ತಿದ್ದರು.

ನನ್ನ ವೃತ್ತಿ ಎಲೆಕ್ಟ್ರಾನಿಕ್ ಉಪಕರಣಗಳ ದುರಸ್ತಿ. ಕ್ಲಿಕ್ ಆಗದ ಮೌಸ್, ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುವ ಮೌಸ್, ತಂತಿ ತುಂಡಾದ ಮೌಸ್ ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಒಳಗಿನ ಎಡಗುಂಡಿಯ ಸ್ವಿಚ್ ಬದಲಿಸುವುದು ನನಗೆ ರೂಢಿಯ ಕೆಲಸ. ಹಾಗಾದರೆ ಆ ಸ್ವಿಚ್ಚಿಗೆ ಜೋಡಿಯಾಗಿ ಇನ್ನೊಂದು ಸ್ವಿಚ್ ಕೂಡಿಸಿ, ಅದನ್ನು ಉದ್ದದ ತಂತಿಯಲ್ಲಿ ಹೊರಗೆ ತಂದು ನೋಯದ ಅಂಗವೊಂದಕ್ಕೆ ಒಪ್ಪಿಸಬಾರದೇಕೆ ಎಂದು ಯೋಚಿಸಿದೆ. ಮಾಡಿದ್ದೂ ಅದನ್ನೇ. ಇಂತಹ ಮೌಸ್‌ಗಳು, ಅವಕ್ಕೆ ಹೊಂದುವ ದೊಡ್ಡ ಗುಂಡಿಗಳು ಅಂಗವೈಕಲ್ಯ ಇರುವವರಿಗೆಂದೇ ಸಿದ್ಧವಾಗಿಯೂ ಸಿಗುತ್ತವೆ. ಆದರೂ ಕೈಯಾರೆ ಮಾಡುವುದರಲ್ಲಿ ಒಂದು ಲಾಭವಿದೆ: ಕುಳಿತುಕೊಳ್ಳುವ ವ್ಯಕ್ತಿಯ ಅಳತೆಗೆ ಸರಿಯಾಗಿ, ಅವರು ಬೇಡ ಎಂದದ್ದನ್ನು ಅಂದೇ ಬದಲಿಸುತ್ತ ಮಾಡಬಹುದು.

ಕೆಲಸ ಹಿಡಿಯುವ ಮೊದಲು ಮೌಸ್ ಹುಟ್ಟಿದ ಬಗೆಯನ್ನು ಓದಿಕೊಂಡೆ. ಅದರಿಂದ ನನಗೆ ಸಿಕ್ಕ ಧೈರ್ಯ ದೊಡ್ಡದು, ಹಾಗಾಗಿ ಆ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೌಸ್ ಕಲ್ಪಿಸಿಕೊಂಡವರು ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ರಾಡಾರ್ ತಂತ್ರಜ್ಞರಾಗಿದ್ದ ಅವರು ಆಮೇಲೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಮನುಷ್ಯನ ಬುದ್ಧಿಯ ಬಲವನ್ನು ಕಂಪ್ಯೂಟರಿನಿಂದ ಹೆಚ್ಚಿಸುವುದು ಹೇಗೆ ಎಂಬುದು ಅವರ ಜೀವನದ ಪ್ರಶ್ನೆ. ಪರದೆಯ ಮೇಲಿನ ಒಂದು ಪದವನ್ನು ಬೇಗನೆ ಆರಿಸಿಕೊಳ್ಳುವ ಸಾಧನ ಅದರಲ್ಲಿ ಒಂದು ಸಣ್ಣ ಭಾಗವಾಗಿತ್ತು. ನಕಾಶೆಯ ಮೇಲೆ ಉರುಳಿಸಿ ವಿಸ್ತೀರ್ಣ ಅಳೆಯುವ ಪ್ಲಾನಿಮೀಟರ್ ಎಂಬ ಹಳೆಯ ಉಪಕರಣದ ಚಕ್ರ ಅವರ ಮನಸ್ಸಿನಲ್ಲಿತ್ತು. ಅವರ ಚಿತ್ರಗಳನ್ನು ನೋಡಿ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮೊದಲ ಮಾದರಿಯನ್ನು ಕಟ್ಟಿದರು. ಮರದ ಒಂದು ತುಂಡು, ಅದರ ಕೆಳಗೆ ಒಂದಕ್ಕೊಂದು ಲಂಬವಾಗಿ ನಿಂತ ಎರಡು ಲೋಹದ ಚಕ್ರಗಳು, ಮೇಲೆ ಒಂದೇ ಒಂದು ಗುಂಡಿ. ಅಡ್ಡ ಸರಿಸಿದರೆ ಒಂದು ಚಕ್ರ ತಿರುಗಿ ಇನ್ನೊಂದು ಜಾರುತ್ತದೆ, ಮುಂದೆ ಹಿಂದೆ ಸರಿಸಿದರೆ ಇನ್ನೊಂದು ತಿರುಗುತ್ತದೆ. ತಿರುಗಿದಷ್ಟನ್ನು ಕಂಪ್ಯೂಟರ್ ಅಳೆದುಕೊಳ್ಳುತ್ತದೆ. ಇಷ್ಟೇ.

ನನ್ನನ್ನು ತಡೆದು ನಿಲ್ಲಿಸಿದ್ದು ಅದರ ನಂತರದ ಸಂಗತಿ. ಅವರು ಮೌಸ್ ಮಾಡಿ ಕೈಬಿಡಲಿಲ್ಲ. ಅದನ್ನು ಬೇರೆ ಸಾಧನಗಳ ಜೊತೆ ಪಂದ್ಯಕ್ಕೆ ಇಳಿಸಿದರು. ಪರದೆಗೆ ತಾಗಿಸುವ ಬೆಳಕಿನ ಪೆನ್ನು, ಜಾಯ್‌ಸ್ಟಿಕ್, ಜೊತೆಗೆ ಮೇಜಿನ ಅಡಿಯಲ್ಲಿ ಕೂಡಿಸಿದ ಮೊಣಕಾಲಿನ ಸನ್ನೆಕೋಲು! ಮೊಣಕಾಲನ್ನು ಅಕ್ಕಪಕ್ಕ ಸರಿಸಿದರೆ ಕರ್ಸರ್ ಅಕ್ಕಪಕ್ಕ ಹೋಗುತ್ತದೆ, ಮೇಲೆ ಕೆಳಗೆ ಮಾಡಿದರೆ ಮೇಲೆ ಕೆಳಗೆ ಹೋಗುತ್ತದೆ. 1967ರಲ್ಲಿ ಬಿಲ್ ಇಂಗ್ಲಿಷ್, ಎಂಗೆಲ್‌ಬಾರ್ಟ್ ಮತ್ತು ಬರ್ಮನ್ ಈ ಪರೀಕ್ಷೆಗಳ ಫಲವನ್ನು ಪ್ರಕಟಿಸಿದರು. ಪಳಗಿದವರ ಕೈಯಲ್ಲಿ ಮೌಸ್ ಮುಂದಿತ್ತು. ಹೊಸಬರ ವಿಷಯದಲ್ಲಿ ಮಾತ್ರ ಬೆಳಕಿನ ಪೆನ್ನು ಮತ್ತು ಮೊಣಕಾಲಿನ ಸನ್ನೆಕೋಲು ಮೌಸನ್ನು ಹಿಂದಿಕ್ಕಿದವು. ಅವರು ತಲುಪಿದ ತೀರ್ಮಾನ ಇನ್ನೂ ಬೆಲೆಯುಳ್ಳದ್ದು: ಸಾಧನಗಳ ನಡುವಿನ ವೇಗದ ಅಂತರ ನಿರ್ಣಾಯಕವಲ್ಲ, ಆ ಕೈ ಇನ್ನೇನೇನು ಕೆಲಸ ಮಾಡಬೇಕು, ಸಾಧನವನ್ನು ಹಿಡಿದು ಹತೋಟಿಗೆ ತರುವುದು ಎಷ್ಟು ಸುಲಭ, ಆ ಭಂಗಿಯಲ್ಲಿ ಎಷ್ಟು ದಣಿವಾಗುತ್ತದೆ ಎಂಬುದೇ ಹೆಚ್ಚು ಮುಖ್ಯ. ಚಿಕ್ಕಮ್ಮನ ಕಷ್ಟವನ್ನೇ ಎದುರಿಗಿಟ್ಟುಕೊಂಡು ಬರೆದಂತಿತ್ತು ಆ ಮಾತು. ಕೈಗೆ ದಣಿವಾದರೆ ಕಾಲನ್ನು ಕರೆಯಬಹುದು ಎಂದು ಮೌಸ್ ಮಾಡಿದವರೇ ಯೋಚಿಸಿದ್ದರೆಂದ ಮೇಲೆ ನಾನೇಕೆ ಹಿಂಜರಿಯಬೇಕು?

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಎಂಗೆಲ್‌ಬಾರ್ಟ್ ತಮ್ಮ ವ್ಯವಸ್ಥೆಯನ್ನು ತೊಂಬತ್ತು ನಿಮಿಷಗಳ ಕಾಲ ಜನರ ಮುಂದೆ ನಡೆಸಿ ತೋರಿಸಿದರು. ಆಗ ಅವರ ಬಲಗೈಯಲ್ಲಿ ಮೂರು ಗುಂಡಿಗಳ ಮೌಸ್ ಇತ್ತು, ಎಡಗೈಯಲ್ಲಿ ಐದು ಕೀಲಿಗಳ ಇನ್ನೊಂದು ಸಾಧನ. ಐದು ಕೀಲಿಗಳನ್ನು ಬೇರೆ ಬೇರೆ ಜೋಡಣೆಯಲ್ಲಿ ಒಟ್ಟಿಗೆ ಒತ್ತಿ ಅಕ್ಷರ ಮೂಡಿಸುವ ವಿಧಾನ ಅದು. ತೋರಿಸುವ ಕೆಲಸ ಒಂದು ಕೈಗೆ, ಆಜ್ಞೆ ಕೊಡುವ ಕೆಲಸ ಹೆಚ್ಚಾಗಿ ಇನ್ನೊಂದು ಕೈಗೆ. ಮುಂದೆ ಮೌಸ್ ಮಾತ್ರ ಎಲ್ಲರ ಮೇಜಿಗೆ ಬಂತು, ಎಡಗೈಯ ಆ ಜೊತೆಗಾರ ಬರಲಿಲ್ಲ. ಹೀಗಾಗಿ ಹಂಚಿಹೋಗಿದ್ದ ಭಾರ ಒಂದೇ ಕೈಯ ಒಂದೇ ಬೆರಳಿನ ಮೇಲೆ ಬಿತ್ತು ಎಂದು ನನಗೆ ಅನ್ನಿಸುತ್ತದೆ.

ಉಳಿದ ಇತಿಹಾಸವನ್ನು ಬೇಗನೆ ದಾಟುತ್ತೇನೆ. ಎಂಗೆಲ್‌ಬಾರ್ಟ್ ಅವರ ಹೆಸರಿನ ಪೇಟೆಂಟ್ 1970ರ ನವೆಂಬರ್‌ನಲ್ಲಿ ಮಂಜೂರಾಯಿತು. ಮೌಸ್ ಜಗತ್ತಿನ ತುಂಬ ಹರಡಿದರೂ ಅದರಿಂದ ಅವರಿಗೆ ರಾಯಧನ ಬರಲಿಲ್ಲ. ಜರ್ಮನಿಯ ಟೆಲಿಫುಂಕೆನ್ ಕಂಪನಿ ಇದಾವುದರ ಹಂಗಿಲ್ಲದೆ 1968ರಲ್ಲಿಯೇ ಚಕ್ರಗಳ ಬದಲು ಉರುಳುವ ಚೆಂಡು ಇದ್ದ ಇಂತಹದೇ ಸಾಧನವನ್ನು ಹೊರತಂದಿತ್ತು. ಬಿಲ್ ಇಂಗ್ಲಿಷ್ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರಕ್ಕೆ ಹೋದ ಮೇಲೆ ಅಲ್ಲಿಯೂ ಚೆಂಡಿನ ಮೌಸ್ ರೂಪುಗೊಂಡಿತು. ಆಪಲ್ ಕಂಪನಿಗಾಗಿ ಅಗ್ಗದ, ಬಾಳಿಕೆಯ ಮೌಸ್ ಮಾಡಲು ಹೊರಟ ವಿನ್ಯಾಸಕಾರ ಡೀನ್ ಹೋವಿ ತಮ್ಮ ಮೊದಲ ಮಾದರಿಗೆ ಡಿಯೋಡರೆಂಟ್ ಸೀಸೆಯ ಉರುಳುಗುಂಡು ಮತ್ತು ಬೆಣ್ಣೆ ಇಡುವ ಪ್ಲಾಸ್ಟಿಕ್ ತಟ್ಟೆಯನ್ನು ಬಳಸಿದರು. ಕೈಗೆ ಸಿಕ್ಕ ಮನೆಯ ಸಾಮಾನಿನಿಂದ ಒಂದು ಯೋಚನೆಯನ್ನು ಪರೀಕ್ಷಿಸುವ ಆ ಗುಣ ನನಗೆ ಬಹಳ ಇಷ್ಟ. ಚೆಂಡಿಗೆ ಅಂಟುವ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆದ ನೆನಪು ಅನೇಕರಿಗೆ ಇರಬಹುದು. 1999ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಅದಕ್ಕೆ ಮಂಗಳ ಹಾಡಿತು. ಅದರ ಹೊಟ್ಟೆಯಲ್ಲಿದ್ದ ಪುಟ್ಟ ಕ್ಯಾಮೆರಾ ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ 1500 ಬಾರಿ ಚಿತ್ರ ತೆಗೆದು, ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತಿತ್ತು. ಇಂದು ಸಾಮಾನ್ಯ ಮೌಸ್‌ನ ಒಳಗೂ ಇದೇ ತತ್ವ.

ಆದರೆ ಗುಂಡಿ? ಗುಂಡಿಯ ತತ್ವ 1964ರಿಂದ ಬದಲಾಗಿಲ್ಲ. ಎರಡು ಲೋಹದ ತುದಿಗಳು ಒಂದಕ್ಕೊಂದು ತಾಗಿದರೆ ಕ್ಲಿಕ್, ಬಿಟ್ಟರೆ ಇಲ್ಲ. ನನ್ನ ಕೆಲಸ ಇಷ್ಟು ಸುಲಭವಾದದ್ದು ಈ ಕಾರಣದಿಂದ.

ಮೊದಲು ಮೌಸ್‌ನ ಆಯ್ಕೆ. ತಂತಿ ಇರುವ ಯುಎಸ್‌ಬಿ ಮೌಸನ್ನೇ ತೆಗೆದುಕೊಂಡೆ. ನಿಸ್ತಂತು ಮೌಸ್‌ನಲ್ಲಿ ಒಳಗೆ ಜಾಗ ಕಡಿಮೆ, ಬ್ಯಾಟರಿ ಬದಲಿಸುವ ಗೊಡವೆ ಬೇರೆ. ಬ್ಯಾಟರಿಯ ಮುಚ್ಚಳ ತೆಗೆಯುವುದೂ ನೋಯುವ ಬೆರಳಿಗೆ ಶಿಕ್ಷೆ. ಆಕಾರ ಎಡಬಲ ಎರಡೂ ಕಡೆ ಒಂದೇ ಇದ್ದರೆ ಕೈ ಬದಲಿಸಲು ಅನುಕೂಲ. ಬೆನ್ನು ಎತ್ತರವಾಗಿ, ಅಂಗೈ ಪೂರ್ತಿ ಒರಗುವಷ್ಟು ದೊಡ್ಡದಿರಬೇಕು. ಪುಟ್ಟ ಮೌಸನ್ನು ಬೆರಳತುದಿಗಳಿಂದ ಹಿಡಿಯಬೇಕಾಗುತ್ತದೆ. ಸಂಧಿವಾತದವರಿಗೆ ಆ ಹಿಡಿತವೇ ಆಗದು.

ಬಿಚ್ಚುವ ಮೊದಲು ಕಂಪ್ಯೂಟರಿನಿಂದ ಕಳಚಿಟ್ಟೆ. ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್ ಮಾತ್ರ, ಅದರಿಂದ ಮನುಷ್ಯನಿಗೆ ಅಪಾಯವಿಲ್ಲ. ಆದರೆ ತಂತಿಯ ತುದಿ ಎಲ್ಲೋ ತಾಗಿ ಕಂಪ್ಯೂಟರಿನ ಪೋರ್ಟ್ ಹಾಳಾಗಬಾರದು. ಸ್ಕ್ರೂಗಳು ಸಾಮಾನ್ಯವಾಗಿ ಅಡಿಯ ಜಾರುಪಟ್ಟಿಗಳ ಕೆಳಗೋ ಅಂಟುಚೀಟಿಯ ಕೆಳಗೋ ಅಡಗಿರುತ್ತವೆ. ಚೀಟಿಯ ಮೇಲೆ ಬೆರಳಾಡಿಸಿದರೆ ಸಣ್ಣ ಕುಳಿ ಗೊತ್ತಾಗುತ್ತದೆ. ಜಾರುಪಟ್ಟಿಯನ್ನು ಹರಿಯದಂತೆ ನಿಧಾನವಾಗಿ ಎಬ್ಬಿಸಿ ಪಕ್ಕಕ್ಕಿಡಬೇಕು, ಮತ್ತೆ ಅದನ್ನೇ ಅಂಟಿಸಬೇಕಲ್ಲ. ಸ್ಕ್ರೂ ತೆಗೆದ ಮೇಲೂ ಮೇಲಿನ ಕವಚ ಮುಂಭಾಗದಲ್ಲಿ ಕೊಕ್ಕೆಯಿಂದ ಹಿಡಿದುಕೊಂಡಿರುತ್ತದೆ. ಹಿಂದಿನಿಂದ ಎತ್ತಿ ಮುಂದಕ್ಕೆ ಜಾರಿಸಿದರೆ ಬಿಡುತ್ತದೆ.

ಒಳಗೆ ಒಂದೇ ಸಣ್ಣ ಬೋರ್ಡು. ನಡುವೆ ಸ್ಕ್ರೋಲ್ ಚಕ್ರ, ಅದರ ಎರಡೂ ಬದಿಗೆ ಸಕ್ಕರೆ ಅಚ್ಚಿನಂತಹ ಎರಡು ಪುಟ್ಟ ಪೆಟ್ಟಿಗೆಗಳು. ಅವೇ ಮೈಕ್ರೋಸ್ವಿಚ್‌ಗಳು. ಪ್ರತಿಯೊಂದಕ್ಕೂ ಕೆಳಗೆ ಮೂರು ಕಾಲುಗಳು. ಒಂದು ಎರಡಕ್ಕೂ ಸಾಮಾನ್ಯವಾದದ್ದು, ಇನ್ನೊಂದು ಒತ್ತದಿದ್ದಾಗ ಅದಕ್ಕೆ ತಾಗಿರುವುದು, ಮತ್ತೊಂದು ಒತ್ತಿದಾಗ ತಾಗುವುದು. ನಮಗೆ ಬೇಕಾದದ್ದು ಮೊದಲನೆಯದು ಮತ್ತು ಕೊನೆಯದು. ಯಾವುದು ಯಾವುದೆಂದು ಊಹಿಸುವ ಅಗತ್ಯವೇ ಇಲ್ಲ. ಮಲ್ಟಿಮೀಟರನ್ನು ಸದ್ದು ಮಾಡುವ ಸ್ಥಾನಕ್ಕೆ ತಿರುಗಿಸಿ, ಎರಡು ಕಡ್ಡಿಗಳನ್ನು ಎರಡು ಕಾಲುಗಳಿಗೆ ತಾಗಿಸಿ, ಸ್ವಿಚ್ಚಿನ ತಲೆಯನ್ನು ಒತ್ತಿ ನೋಡಬೇಕು. ಬಿಟ್ಟಾಗ ಮೌನ, ಒತ್ತಿದಾಗ ಸದ್ದು ಬರುವ ಜೋಡಿಯೇ ಸರಿಯಾದ ಜೋಡಿ. ಆ ಎರಡು ಬಿಂದುಗಳನ್ನು ಬೋರ್ಡಿನ ಅಡಿಯಲ್ಲಿ ಮಾರ್ಕರ್ ಪೆನ್ನಿನಿಂದ ಗುರುತಿಸಿಕೊಂಡೆ.

ಬೆಸುಗೆ ಹಾಕುವಾಗ ಬೋರ್ಡನ್ನು ಕವಚದಿಂದ ಪೂರ್ತಿ ಹೊರತೆಗೆಯುವುದು ಒಳ್ಳೆಯದು. ಸೆನ್ಸರ್ ಕೆಳಗಿನ ಪಾರದರ್ಶಕ ಮಸೂರ ಬಿಡಿಯಾಗಿ ಬರುತ್ತದೆ. ಅದರ ಮೇಲೆ ಫ್ಲಕ್ಸ್‌ನ (ಬೆಸುಗೆ ಚೆನ್ನಾಗಿ ಹಿಡಿಯಲು ಬಳಸುವ ವಸ್ತು) ಹನಿ ಸಿಡಿದರೆ, ಬೆರಳಿನ ಎಣ್ಣೆ ಅಂಟಿದರೆ ಬಾಣ ತಡವರಿಸುತ್ತದೆ. ಅದನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ದೂರ ಇಟ್ಟೆ. ಹಗುರವಾದ, ಎಳೆಎಳೆಯ ತಂತಿ ಎರಡು ತೆಗೆದುಕೊಂಡು, ತುದಿಗಳಿಗೆ ಮೊದಲೇ ಬೆಸುಗೆಯ ಲೇಪ ಕೊಟ್ಟು, ಗುರುತಿಸಿದ ಬಿಂದುಗಳಿಗೆ ಒಂದೊಂದನ್ನು ಕೂಡಿಸಿದೆ. ಸೀಸ ಬೆರೆತ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸವಿಲ್ಲದ್ದಕ್ಕೆ ಸುಮಾರು 217 ಡಿಗ್ರಿ ಬೇಕು. ಈಗಿನ ಬೋರ್ಡುಗಳಲ್ಲಿ ಹೆಚ್ಚಾಗಿ ಎರಡನೆಯ ಬಗೆಯೇ ಇರುವುದರಿಂದ ಬೆಸುಗೆ ಹಾಕುವ ಕಬ್ಬಿಣ ಚೆನ್ನಾಗಿ ಕಾದಿರಬೇಕು, ತಾಗಿಸುವ ಹೊತ್ತು ಮಾತ್ರ ಕಡಿಮೆಯಿರಬೇಕು. ಹೆಚ್ಚು ಹೊತ್ತು ಹಿಡಿದರೆ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿ ಒಳಗಿನ ಸ್ಪ್ರಿಂಗ್ ಜಾಗ ತಪ್ಪುತ್ತದೆ. ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಬರಿಯ ಸ್ವಿಚ್ಚಿಗೆ ಧನ, ಋಣ ಎಂಬ ಭೇದವಿಲ್ಲ. ಯಾವ ತಂತಿ ಯಾವ ಕಡೆಗಾದರೂ ಸರಿ. ಹಳೆಯ ಸ್ವಿಚ್ ಇದ್ದಲ್ಲೇ ಇರುತ್ತದೆ, ಹೊಸದು ಅದಕ್ಕೆ ಸಮಾಂತರವಾಗಿ ನಿಲ್ಲುತ್ತದೆ. ಎರಡರಲ್ಲಿ ಯಾವುದನ್ನು ಒತ್ತಿದರೂ ಕಂಪ್ಯೂಟರಿಗೆ ಅದು ಒಂದೇ ಕ್ಲಿಕ್. ತಂತ್ರಾಂಶ ಹಾಕಬೇಕಿಲ್ಲ, ಡ್ರೈವರ್ ಬೇಕಿಲ್ಲ. ಈ ಮೌಸನ್ನು ಯಾವ ಕಂಪ್ಯೂಟರಿಗೆ ಚುಚ್ಚಿದರೂ ನಡೆಯುತ್ತದೆ. ಲೋಹದ ತುದಿಗಳು ತಾಗುವಾಗ ಕ್ಷಣಕಾಲ ಪುಟಿಯುತ್ತವೆ. ಆ ಪುಟಿತವನ್ನು ಲೆಕ್ಕಕ್ಕೆ ಹಿಡಿಯದಿರುವ ವ್ಯವಸ್ಥೆ ಮೌಸ್‌ನ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಮೊದಲೇ ಇರುತ್ತದೆ. ಅದರ ಫಲ ಹೊಸ ಗುಂಡಿಗೂ ಪುಕ್ಕಟೆ.

ತಂತಿಯನ್ನು ನೇರವಾಗಿ ಹೊರಗೆ ಬಿಡದೆ, ಮೌಸ್‌ನ ಮುಂಬದಿಯಲ್ಲಿ ಹಳೆಯ ತಂತಿಯ ಪಕ್ಕ 3.5 ಮಿಲಿಮೀಟರಿನ ಮೋನೋ, ಅಂದರೆ ಎರಡು ತಂತಿ ಸೇರುವ, ಸಾಕೆಟ್ ಕೂಡಿಸಿದೆ. ಆಕಾರದಲ್ಲಿ ಇಯರ್‌ಫೋನ್ ಚುಚ್ಚುವ ಸಾಕೆಟ್ಟಿನಂತಹದೇ. ಇದು ನನ್ನ ಇಷ್ಟಕ್ಕೆ ಮಾಡಿದ್ದಲ್ಲ. ಅಂಗವೈಕಲ್ಯ ಇರುವವರ ಸಹಾಯಕ ಸ್ವಿಚ್‌ಗಳಲ್ಲಿ ಈ ಅಳತೆಯ ಜ್ಯಾಕ್ ಬಳಸುವುದು ಎಲ್ಲೆಡೆ ರೂಢಿಯಾಗಿದೆ. ಕಾಲಿನ ಗುಂಡಿಯ ಬದಲು ನಾಳೆ ತಲೆಯ ಪಕ್ಕದ ಸ್ವಿಚ್ ಬೇಕಾದರೆ, ಕೊಳವೆಯಲ್ಲಿ ಉಸಿರು ಊದಿ ನಡೆಸುವ ಸ್ವಿಚ್ ಬೇಕಾದರೆ, ಮೌಸ್ ಬಿಚ್ಚದೆ ಬದಲಾಯಿಸಬಹುದು. ಸಾಕೆಟ್ಟಿಗೆ ಹೋಗುವ ತಂತಿಗೆ ಒಳಗೆ ಒಂದು ಗಂಟು ಹಾಕಿ ಬಿಸಿ ಅಂಟಿನಿಂದ ಹಿಡಿಸಿದೆ. ಹೊರಗಿನ ಎಳೆತ ಬೆಸುಗೆಯವರೆಗೆ ಹೋಗಬಾರದು. ಬಲಗುಂಡಿಗೂ ಇಂತಹದೇ ಇನ್ನೊಂದು ಸಾಕೆಟ್ ಇಟ್ಟೆ. ಸಾಮಾನ್ಯ ಕಾಲಿಗೆ ಒಂದೇ ತಂತಿ ಹಾಕಿ, ಎರಡನ್ನೂ ಮೂರು ತಂತಿ ಸೇರುವ ಒಂದೇ ಸ್ಟೀರಿಯೋ ಸಾಕೆಟ್ಟಿಗೆ ಇಳಿಸುವ ಆಸೆ ಬರುತ್ತದೆ. ಆದರೆ ಕೆಲವು ಬೋರ್ಡುಗಳಲ್ಲಿ ಎಡಬಲ ಸ್ವಿಚ್‌ಗಳ ಸಾಮಾನ್ಯ ಕಾಲು ಒಂದೇ ಬಿಂದುವಿಗೆ ಹೋಗುವುದಿಲ್ಲ. ಬೇರೆ ಬೇರೆ ಸಾಕೆಟ್ ಇಟ್ಟರೆ ಆ ಚಿಂತೆಯೇ ಇಲ್ಲ.

ಗುಂಡಿಗಾಗಿ ವಿಡಿಯೋ ಆಟದ ಯಂತ್ರಗಳಲ್ಲಿ ಬಳಸುವ ದೊಡ್ಡ ಗುಮ್ಮಟದಂತಹ ಬಟನ್ ಆರಿಸಿದೆ. ಜನ ಗುದ್ದಿ ಗುದ್ದಿ ಆಡುವುದಕ್ಕೆಂದೇ ಮಾಡಿದ್ದರಿಂದ ಪಾದದ ಭಾರ ಅದಕ್ಕೆ ಲೆಕ್ಕಕ್ಕಿಲ್ಲ. ಅದರ ಒಳಗೂ ಒಂದು ಮೈಕ್ರೋಸ್ವಿಚ್ ಇರುತ್ತದೆ, ಮತ್ತೆ ಅದೇ ಮೂರು ಕಾಲುಗಳು. ಒಂದು ಗಟ್ಟಿ ಹಲಗೆಯನ್ನು ಇಳಿಜಾರಾಗಿ ಕತ್ತರಿಸಿ, ಅದರಲ್ಲಿ ರಂಧ್ರ ಮಾಡಿ ಬಟನ್ ಕೂಡಿಸಿ, ಅಡಿಗೆ ಜಾರದ ರಬ್ಬರ್ ಅಂಟಿಸಿದೆ.

ಎಲ್ಲಿ ಇಡಬೇಕು ಎಂಬುದನ್ನು ಚಿಕ್ಕಮ್ಮನೇ ತೀರ್ಮಾನಿಸಬೇಕಿತ್ತು. ಮೊದಲು ಮೊಣಕಾಲಿನ ಪಕ್ಕ, ಮೇಜಿನ ಕಾಲಿಗೆ ಕಟ್ಟಿ ತೋರಿಸಿದೆ. ಅವರು ಒಂದೆರಡು ಸಲ ಒತ್ತಿ ನೋಡಿ, "ಮೊಣಕಾಲು ಸರಿಸಿದರೆ ಸೊಂಟವೂ ತಿರುಗುತ್ತದೆ. ಕಾಲ ಕೆಳಗೆ ಇಡು" ಎಂದರು. ನೆಲಕ್ಕೆ ಇಳಿಸಿದೆ. ಹಿಮ್ಮಡಿ ನೆಲದ ಮೇಲೆ ಊರಿಯೇ ಇರುತ್ತದೆ, ಪಾದದ ಮುಂಭಾಗ ಮಾತ್ರ ಗುಂಡಿಯ ಮೇಲೆ ಒರಗುತ್ತದೆ. ಇಲ್ಲಿ ಹಲಗೆಯ ಇಳಿಜಾರು ಮುಖ್ಯ. ತೀರಾ ಕಡಿದಾದರೆ ಪಾದವನ್ನು ಸದಾ ಎತ್ತಿ ಹಿಡಿಯಬೇಕಾಗಿ ಮೀನಖಂಡ ಬಿಗಿಯುತ್ತದೆ. ಸಮತಟ್ಟಾದರೆ ಪಾದದ ಭಾರಕ್ಕೆ ಬೇಡದ ಕ್ಲಿಕ್ ಬೀಳುತ್ತದೆ. ಬಟನ್ನಿನ ಸ್ಪ್ರಿಂಗ್ ಪಾದದ ಭಾರವನ್ನು ತಡೆದುಕೊಂಡು, ಬೇಕೆಂದು ಒತ್ತಿದಾಗ ಮಾತ್ರ ಇಳಿಯುವಂತಿರಬೇಕು. ಇದ್ದ ಸ್ಪ್ರಿಂಗ್ ಮೆದುವಾಗಿದ್ದುದರಿಂದ ಸ್ವಲ್ಪ ಬಿಗಿಯಾದದ್ದನ್ನು ಹಾಕಿದೆ.

ಇನ್ನೊಂದು ತಿದ್ದುಪಡಿ ಮೌಸ್‌ನ ಮೇಲೆಯೇ ಬೇಕಾಯಿತು. ಒತ್ತುವ ಕೆಲಸದಿಂದ ಬೆರಳಿಗೆ ಬಿಡುಗಡೆ ಸಿಕ್ಕ ಮೇಲೆ ಅದು ಗುಂಡಿಯ ಮೇಲೆ ಪೂರ್ತಿ ಭಾರ ಬಿಟ್ಟು ಮಲಗುತ್ತದೆ, ಆಗ ತಾನೇ ತಾನಾಗಿ ಕ್ಲಿಕ್ ಆಗುತ್ತದೆ. ಎಡಗುಂಡಿಯ ತಟ್ಟೆಯ ಕೆಳಗೆ ತೆಳುವಾದ ರಬ್ಬರ್ ಚೂರು ಸೇರಿಸಿದೆ. ಈಗ ಅದು ಕೆಳಗೆ ಇಳಿಯುವುದಿಲ್ಲ, ಬೆರಳಿಗೆ ಒರಗುವ ಜಾಗ ಮಾತ್ರ. ಮನೆಯ ಬೇರೆಯವರು ಬಳಸಬೇಕಾದರೆ ಚೂರನ್ನು ಎಳೆದು ತೆಗೆದರೆ ಮೌಸ್ ಮೊದಲಿನಂತೆ.

ಮೊದಲ ಸಲ ಪಾದದಿಂದ ಒತ್ತಿ ಒಂದು ಪದದ ನಡುವೆ ಕರ್ಸರ್ ನಿಲ್ಲಿಸಿದಾಗ ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತ ಮುಂದಿನ ತಪ್ಪಿನ ಮೇಲೆ ಬಾಣ ಒಯ್ದು ಒತ್ತಿದರು, ಅದರ ಮುಂದಿನದಕ್ಕೆ ಹೋದರು. ಪುಟದ ಕೊನೆಯವರೆಗೂ ನಿಲ್ಲಲಿಲ್ಲ. ನನಗೆ ಬೇಕಾಗಿದ್ದ ಪ್ರಮಾಣಪತ್ರ ಅದು. ಬಾಣ ಈಗ ಕ್ಲಿಕ್ಕಿನ ಹೊತ್ತಿಗೆ ಅಲುಗಾಡುವುದಿಲ್ಲ, ಯಾಕೆಂದರೆ ತೋರಿಸುವ ಕೈಗೂ ಒತ್ತುವ ಕಾಲಿಗೂ ಸಂಬಂಧವಿಲ್ಲ. ಬೆಸುಗೆ ಹಾಕುವಾಗ ನಾನು ಬಯಸಿದ್ದು ಕೇವಲ ನೋವಿನ ಪರಿಹಾರ. ಗುರಿಯ ನಿಖರತೆಯೂ ಅದರೊಂದಿಗೆ ಬಂತು. ಗಟ್ಟಿ ಕೈಯ ನಾನೂ ಈ ಮೌಸ್‌ನಿಂದ ತೆಳುಗೆರೆಯ ಚಿತ್ರವೊಂದನ್ನು ತಿದ್ದಿ ನೋಡಿದೆ. ಒತ್ತುವಾಗ ಒಂದೆರಡು ಬಿಂದು ಜಾರುವ ಆ ಸಣ್ಣ ಉಪದ್ರವ ನನಗೂ ಇತ್ತೆಂಬುದು, ಅದು ಇಲ್ಲವಾದಾಗ ಗೊತ್ತಾಯಿತು.

ಬೇರೆ ಸಮಸ್ಯೆಗಳು ಉಳಿದಿದ್ದವು. ಎಳೆಯುವುದು ದೊಡ್ಡದು. ಒಂದು ವಾಕ್ಯವನ್ನು ಆರಿಸಲು ಗುಂಡಿಯನ್ನು ಒತ್ತಿ ಹಿಡಿದೇ ಕೈ ಸರಿಸಬೇಕು. ಪಾದವನ್ನು ಒತ್ತಿ ಹಿಡಿದುಕೊಂಡರೆ ದೇಹ ಬಿಗಿಯುತ್ತದೆ, ಕೈಯೂ ಅದಕ್ಕೆ ಜೊತೆಯಾಗುತ್ತದೆ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ಗಳಲ್ಲಿ ಕ್ಲಿಕ್‌ಲಾಕ್ ಎಂಬ ಸೌಲಭ್ಯವಿದೆ. ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಒತ್ತಿದಂತೆಯೇ ಉಳಿಯುತ್ತದೆ, ಮತ್ತೊಮ್ಮೆ ಒತ್ತಿದರೆ ಬಿಡುತ್ತದೆ. ಎಷ್ಟು ಹೊತ್ತು ಎಂಬುದನ್ನು ನಾವೇ ಹೊಂದಿಸಬಹುದು. ಚಿಕ್ಕಮ್ಮನಿಗೆ ಸ್ವಲ್ಪ ದೀರ್ಘವಾಗಿ ಇಟ್ಟೆ. ಇನ್ನೊಂದು ದಾರಿ, ವಾಕ್ಯದ ಆರಂಭದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಶಿಫ್ಟ್ ಕೀಲಿ ಹಿಡಿದು ಕೊನೆಯಲ್ಲಿ ಇನ್ನೊಂದು ಕ್ಲಿಕ್. ಸ್ಟಿಕಿ ಕೀಸ್ ಸೌಲಭ್ಯ ಹಾಕಿಕೊಂಡರೆ ಶಿಫ್ಟ್ ಅನ್ನು ಹಿಡಿದೇ ಇರಬೇಕಾಗಿಲ್ಲ, ತಟ್ಟಿ ಬಿಟ್ಟರೆ ಸಾಕು. ಉದ್ದನೆಯ ಭಾಗಗಳಿಗೆ ಅವರು ಇದನ್ನೇ ಮೆಚ್ಚಿಕೊಂಡರು.

ಜೋಡಿ ಕ್ಲಿಕ್ಕಿಗೆ ಪಾದ ಒಗ್ಗುವುದಿಲ್ಲ. ಬೆರಳಿನ ಚುರುಕು ಪಾದಕ್ಕೆ ಎಲ್ಲಿಂದ ಬರಬೇಕು? ಜೋಡಿ ಕ್ಲಿಕ್ಕಿನ ವೇಗವನ್ನು ನಿಧಾನಕ್ಕೆ ಇಳಿಸಿದೆ, ಕಡತಗಳು ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಮಾಡಿದೆ. ಬಾಣದ ವೇಗವನ್ನೂ ತಗ್ಗಿಸಿದೆ. ಕೈಯ ವೇಗಕ್ಕೆ ತಕ್ಕಂತೆ ಬಾಣವನ್ನು ಹಿಗ್ಗಿಸಿ ಓಡಿಸುವ ಸೌಲಭ್ಯವನ್ನು ನಿಲ್ಲಿಸಿದೆ. ಅದು ಚುರುಕಿನ ಕೈಗೆ ಸಹಾಯ, ಅದುರುವ ಕೈಗೆ ತೊಂದರೆ.

ಇದೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಪರದೆಯ ಮೇಲಿನ ಬದಲಾವಣೆ. ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲಿ ಒಂದು ನಿಯಮ ಮಂಡಿಸಿದರು: ಗುರಿಯನ್ನು ಮುಟ್ಟಲು ಹಿಡಿಯುವ ಕಾಲ, ಗುರಿ ಎಷ್ಟು ದೂರವಿದೆ ಮತ್ತು ಎಷ್ಟು ಅಗಲವಿದೆ ಎಂಬುದರ ಅನುಪಾತಕ್ಕೆ ತಕ್ಕಂತೆ ಬದಲಾಗುತ್ತದೆ. 1978ರಲ್ಲಿ ಸ್ಟುವರ್ಟ್ ಕಾರ್ಡ್, ಬಿಲ್ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಜೆರಾಕ್ಸ್‌ನಲ್ಲಿ ಈ ನಿಯಮದ ಆಧಾರದ ಮೇಲೆ ಮೌಸನ್ನು ಅಳೆದು ನೋಡಿದರು. ಮೌಸ್‌ನ ವೇಗ ಮನುಷ್ಯನ ಕೈಯ ಸ್ವಂತ ಮಿತಿಗೆ ಬಹಳ ಹತ್ತಿರದಲ್ಲಿತ್ತು. ಅಂದರೆ ಸಾಧನವನ್ನು ಸುಧಾರಿಸಿ ಗಳಿಸುವುದಕ್ಕೆ ಹೆಚ್ಚೇನೂ ಉಳಿದಿಲ್ಲ, ಗುರಿಯನ್ನು ದೊಡ್ಡದು ಮಾಡಿದರೆ ಉಂಟು. ಚಿಕ್ಕಮ್ಮನ ಪರದೆಯಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿದೆ, ಸಾಲುಗಳ ನಡುವಿನ ಅಂತರ ಹೆಚ್ಚಿಸಿದೆ, ಪದೇ ಪದೇ ಬೇಕಾಗುವ ಆಜ್ಞೆಗಳನ್ನು ಬರಹದ ಹತ್ತಿರಕ್ಕೆ ತಂದಿಟ್ಟೆ. ಕೊಂಬು, ದೀರ್ಘ, ಒತ್ತುಗಳ ನಡುವೆ ಕರ್ಸರ್ ಇಡುವುದು ಕಣ್ಣಿಗೂ ಕೈಗೂ ಹಗುರವಾಯಿತು.

ಬಲಗುಂಡಿಯ ಸಾಕೆಟ್ ಬಹಳ ಕಾಲ ಖಾಲಿಯೇ ಇತ್ತು. ಚಿಕ್ಕಮ್ಮ ಎಡಪಾದಕ್ಕೂ ಒಂದು ಗುಂಡಿ ಬೇಕೆಂದು ಕೇಳಿದಾಗ ಅದಕ್ಕೆ ಕೆಲಸ ಬಂತು. "ಎಡಗಾಲು ಸುಮ್ಮನೆ ಕುಳಿತಿದೆಯಲ್ಲ" ಎಂದರು. ಕಾಗುಣಿತದ ಸಲಹೆಗಳು ಬಲಕ್ಲಿಕ್ಕಿನಲ್ಲಿ ತೆರೆದುಕೊಳ್ಳುವುದರಿಂದ ತಿದ್ದುವವರಿಗೆ ಅದು ನಿಜವಾಗಿ ಉಪಯುಕ್ತ.

ಅವರ ಮೌಸ್ ನೋಡಿ, ಬೆನ್ನುಹುರಿಗೆ ಪೆಟ್ಟಾದ ಪರಿಚಿತರೊಬ್ಬರು ತಮಗೂ ಮಾಡಿಕೊಡುವಿರಾ ಎಂದು ಕೇಳಿದರು. ಅವರ ಸ್ಥಿತಿ ಇದಕ್ಕೆ ವಿರುದ್ಧ. ಕಾಲುಗಳಲ್ಲಿ ಶಕ್ತಿಯಿಲ್ಲ, ಮುಂಗೈ ಅಲುಗುತ್ತದೆ, ಆದರೆ ಮೌಸ್ ಹಿಡಿದು ಮೇಜಿನ ಮೇಲೆ ಸರಿಸುವಷ್ಟಲ್ಲ. ಬೆರಳುಗಳ ಬೆನ್ನಿನಿಂದ ಒಂದು ಚೆಂಡನ್ನು ಹೊರಳಿಸಬಲ್ಲರು. ಅವರಿಗೆ ಮೌಸ್‌ಗಿಂತ ಟ್ರ್ಯಾಕ್‌ಬಾಲ್ ಸರಿ. ಸಾಧನ ನಿಂತಲ್ಲೇ ನಿಂತಿರುತ್ತದೆ, ಮೇಲಿನ ಚೆಂಡು ಮಾತ್ರ ತಿರುಗುತ್ತದೆ. ಇದು ಮೌಸ್‌ಗಿಂತ ಹಿರಿಯದು. ಬ್ರಿಟಿಷ್ ನೌಕಾಪಡೆಗೆ ಕೆಲಸ ಮಾಡುತ್ತಿದ್ದ ರಾಲ್ಫ್ ಬೆಂಜಮಿನ್ 1946ರಲ್ಲೇ ರಾಡಾರ್ ಪರದೆಗಾಗಿ ಇಂತಹ ಚೆಂಡನ್ನು ರೂಪಿಸಿದ್ದರು. 1950ರ ದಶಕದ ಆರಂಭದಲ್ಲಿ ಕೆನಡಾದ ನೌಕಾಪಡೆಯ ಡೇಟಾರ್ ಯೋಜನೆಯ ಎಂಜಿನಿಯರುಗಳು ಬೌಲಿಂಗ್ ಆಟದ ಚೆಂಡನ್ನೇ ತಂದು ಕೂಡಿಸಿದ್ದರು.

ಟ್ರ್ಯಾಕ್‌ಬಾಲ್ ಬಿಚ್ಚಿದಾಗ ಒಳಗೆ ಅದೇ ಸಣ್ಣ ಪೆಟ್ಟಿಗೆ, ಅದೇ ಮೂರು ಕಾಲು. ಅದೇ ರೀತಿ ತಂತಿ ಹಾಕಿ, ಅದೇ ಅಳತೆಯ ಸಾಕೆಟ್ ಇಟ್ಟೆ. ಗುಂಡಿಯನ್ನು ಗಾಲಿಕುರ್ಚಿಯ ತಲೆದಿಂಬಿನ ಪಕ್ಕ, ಕೆನ್ನೆಗೆ ತಾಗುವಂತೆ ಬಾಗುವ ಲೋಹದ ಕೊಳವೆಯ ತುದಿಯಲ್ಲಿ ನಿಲ್ಲಿಸಿದೆ. ಕೆನ್ನೆಗೆ ಆಟದ ಯಂತ್ರದ ಬಟನ್ ಬಲು ಬಿಗಿ, ಹಾಗಾಗಿ ಮೆತ್ತಗೆ ತಾಗಿದರೂ ಸಾಕಾಗುವ, ಎಲೆಯಂತಹ ಉದ್ದ ಪಟ್ಟಿ ಇರುವ ಮೈಕ್ರೋಸ್ವಿಚ್ ಹಾಕಿ ಮೇಲೆ ಮೆತ್ತೆ ಹೊಲಿಸಿದೆ. ತಲೆ ತಿರುಗಿಸಿ ಪಕ್ಕದವರೊಡನೆ ಮಾತಾಡುವಾಗ ಬೇಡದ ಕ್ಲಿಕ್ ಬೀಳುತ್ತದೆಂದು ಅವರು ಹೇಳಿದ್ದರಿಂದ, ಗುಂಡಿಯನ್ನು ಅವರು ಹೆಚ್ಚಾಗಿ ತಿರುಗದ ಎಡಬದಿಗೆ ಸರಿಸಿದ್ದೇನೆ. ಈಗ ಅವರು ಪತ್ರಗಳನ್ನು ಓದಿ, ತೆರೆದು, ಮುಚ್ಚುವುದನ್ನು ಯಾರನ್ನೂ ಕರೆಯದೆ ಮಾಡುತ್ತಾರೆ. ಎಳೆಯುವ ಕೆಲಸಕ್ಕೆ ಅವರಿಗೆ ಕ್ಲಿಕ್‌ಲಾಕ್ ಹಿಡಿಸಲಿಲ್ಲ. ಒಮ್ಮೆ ಒತ್ತಿದರೆ ಕೂರುವ, ಮತ್ತೊಮ್ಮೆ ಒತ್ತಿದರೆ ಏಳುವ ಇನ್ನೊಂದು ಸ್ವಿಚ್ಚನ್ನು ಬಲಬದಿಗೆ ಕೂಡಿಸುವ ಕೆಲಸ ನನ್ನ ಮೇಜಿನ ಮೇಲಿದೆ.